ಮನೆಯ ಕಾಯಿಲೆಗೆ ರಜೆ: ಕೊಡಬಹುದೋ, ಕೊಡತಕ್ಕದ್ದೋ?

ಕಾನೂನಿನ ಭಾಷೆಯಲ್ಲಿ ಎರಡು ಮಾತುಗಳುಂಟು. ಒಂದು ‘ಕೊಡತಕ್ಕದ್ದು’ ಎಂಬುದು. ಇನ್ನೊಂದು ‘ಕೊಡಬಹುದು’ ಎಂಬುದು. ನೋಡುವುದಕ್ಕೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೆ ಮೊದಲನೆಯದನ್ನು ಹಿಡಿದುಕೊಂಡು ನೌಕರನು ನ್ಯಾಯಸ್ಥಾನದ ಬಾಗಿಲನ್ನು ತಟ್ಟಬಲ್ಲನು. ಎರಡನೆಯದನ್ನು ಹಿಡಿದುಕೊಂಡು ಮಾಲಿಕನ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಖಾಸಗಿ ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿಯುವ ಒಬ್ಬನಿಗೆ ಸ್ವಂತ ಮೈ ಕೆಟ್ಟರೆ ನಮ್ಮ ಕಾಯಿದೆಗಳು ಬಹುಮಟ್ಟಿಗೆ ‘ತಕ್ಕದ್ದು’ ಎಂದೇ ಹೇಳುತ್ತವೆ. ಅವನ ತಾಯಿಗೋ ಹೆಂಡತಿಗೋ ಮಗುವಿಗೋ ಕಾಯಿಲೆಯಾಗಿ, ಸಂಬಳ ಬೇಡ, ನಾಲ್ಕು ದಿನ ಬಿಡುವು ಕೊಟ್ಟು ಹಿಂದಿರುಗಿ ಬಂದಾಗ ನನ್ನ ಕೆಲಸವನ್ನು ನನಗೆ ಕೊಡಿರಿ ಎಂದು ಅವನು ಕೇಳಿದರೆ, ಅವೇ ಕಾಯಿದೆಗಳು ‘ಬಹುದು’ ಎಂದು ಗೊಣಗುತ್ತವೆ, ಇಲ್ಲವೆ ಮೌನವಾಗಿರುತ್ತವೆ. ಈ ಮೌನದ ಭಾರವನ್ನು ಕೋಲಾರದ ಚಿನ್ನದ ಗಣಿಯ ಪ್ರದೇಶವೂ ಬಂಗಾರಪೇಟೆಯೂ ಹೊತ್ತಿರುವಷ್ಟು ನಮ್ಮ ನಾಡಿನ ಬೇರೆ ಊರುಗಳು ಹೊತ್ತಿರುವುದು ಅಪೂರ್ವ. ಅದರ ಕಾರಣವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜಾನ್ ಟೇಲರ್ ಕಂಪನಿಯವರು ೧೮೮೦ರ ದಶಕದಲ್ಲಿ ಇಲ್ಲಿ ಗಣಿ ಕೆಲಸವನ್ನು ಆರಂಭಿಸಿದಂದಿನಿಂದ ಈ ಊರಿನ ಚರಿತ್ರೆಯನ್ನು ಎರಡು ಬಗೆಯಾಗಿ ಹೇಳುವುದು ಸಾಧ್ಯ. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಬೆಂಗಳೂರಿಗೂ ಮೊದಲು ಇಲ್ಲಿಗೆ ಬಂತೆಂಬುದು, ಚಾಂಪಿಯನ್ ರೀಫಿನ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತೆಂಬುದು ಒಂದು ಬಗೆ. ಪಾಠದ ಪುಸ್ತಕಗಳಿಗೆ ಇದೇ ಪ್ರಿಯವಾದುದು. ಇನ್ನೊಂದು ಬಗೆಯ ಚರಿತ್ರೆಯು ಎದೆಗೂಡಿನೊಳಗೆ ಬರೆಯಲ್ಪಟ್ಟಿದೆ. ಚಿನ್ನವು ಸ್ಫಟಿಕ ಶಿಲೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಆ ಶಿಲೆಯನ್ನು ಕೊರೆಯುವಾಗಲೂ ಸಿಡಿಸುವಾಗಲೂ ಏಳುವ ಅತಿ ಸೂಕ್ಷ್ಮವಾದ ಧೂಳು ಶ್ವಾಸಕೋಶವನ್ನು ಹೊಕ್ಕರೆ ಮತ್ತೆ ಹೊರಗೆ ಬರುವುದಿಲ್ಲ. ಅಲ್ಲಿಯೇ ಕುಳಿತು ಅದನ್ನು ಗಂಟುಗಂಟಾಗಿ ಗಟ್ಟಿಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವು ಭಾರತದಲ್ಲಿ ಮೊದಲು ವೈದ್ಯಶಾಸ್ತ್ರದ ದಾಖಲೆಗೆ ಬಂದುದು ನಮ್ಮ ಈ ಗಣಿಗಳಿಂದಲೇ. ೧೯೪೦ರಿಂದ ೧೯೪೬ರವರೆಗೆ ಇಲ್ಲಿನ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಮಂದಿ ಗಣಿ ಕೂಲಿಕಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತಲೂ ಹೆಚ್ಚು ಮಂದಿಯಲ್ಲಿ ಈ ರೋಗದ ಲಕ್ಷಣಗಳು ಕಂಡುಬಂದವು. ನೂರಕ್ಕೆ ನಲವತ್ತು! ಯಾವ ಯುದ್ಧರಂಗದಿಂದ ಬಂದ ವರದಿಯೂ ಇದಕ್ಕಿಂತ ಭಯಂಕರವಾಗಿರಲಾರದು.

ಈ ರೋಗಕ್ಕೆ ಒಂದು ವಿಶೇಷ ಗುಣವುಂಟು. ಧೂಳಿನ ಕೆಲಸವನ್ನು ಬಿಟ್ಟ ಮಾತ್ರಕ್ಕೆ ಅದು ಬಿಡುವುದಿಲ್ಲ. ಹತ್ತು ಹದಿನೈದು ವರ್ಷ ಸುಮ್ಮನಿದ್ದಂತೆ ಕಂಡು ಅನಂತರ ತಲೆಯೆತ್ತುವುದೂ ಉಂಟು. ಕ್ಷಯರೋಗವನ್ನು ಜೊತೆಗೆ ಕರೆದುಕೊಂಡು ಬರುವುದೂ ಉಂಟು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದುದು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು. ಅಂದು ನಲವತ್ತು ನಲವತ್ತೈದರ ವಯಸ್ಸಿನಲ್ಲಿ ಕೊನೆಯ ಸಲ ಪಂಜರದಿಂದ ಮೇಲಕ್ಕೆ ಬಂದವರು ಇಂದು ಅರುವತ್ತೈದು ಎಪ್ಪತ್ತನ್ನು ದಾಟುತ್ತಿದ್ದಾರೆ. ಗಣಿ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಗಾಳಿಯ ತಿಂಗಳುಗಳಲ್ಲಿ ಸೈನೈಡ್ ದಿಬ್ಬಗಳಿಂದೇಳುವ ಧೂಳು ಗಣಿಗೆ ಎಂದೂ ಇಳಿಯದವರ ಮನೆಯನ್ನೂ ಹೊಕ್ಕು ಬರುವುದನ್ನು ಮಾರಿಕುಪ್ಪದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಗಣಿಯ ಸಂಸಾರಗಳಿಗೆಲ್ಲ ಆಸರೆಯಾಗಿದ್ದ ಚಾಂಪಿಯನ್ ರೀಫಿನ ದೊಡ್ಡ ಆಸ್ಪತ್ರೆಯು ಗಣಿಗಳೊಡನೆಯೇ ಬಾಗಿಲು ಮುಚ್ಚಿತು. ೨೦೨೧ರ ಕೋವಿಡ್ ಸಂಕಟದಲ್ಲಿ ಊರಿನ ಜನರು ತಾವೇ ನಿಂತು ಅದರ ಕಸವನ್ನು ಗುಡಿಸಿ ಹಾಸಿಗೆಗಳನ್ನು ಹಾಕಬೇಕಾಯಿತು.

ಹೀಗಾಗಿ ಗಣಿನಾಡಿನ ಮನೆಮನೆಯಲ್ಲಿ ಆರೈಕೆಯನ್ನು ಬೇಡುವ ಮುದುಕರಿದ್ದಾರೆ. ಆರೈಕೆ ಮಾಡಬೇಕಾದ ಮಕ್ಕಳಾದರೋ ಊರಿನಲ್ಲಿಲ್ಲ. ಅವರು ರೈಲುಗಾಡಿಯಲ್ಲಿದ್ದಾರೆ. ೧೮೯೪ರಲ್ಲಿ ಚಿನ್ನವನ್ನೂ ಕಲ್ಲಿದ್ದಲನ್ನೂ ಸಾಗಿಸುವುದಕ್ಕೆಂದು ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಾದಿಯು ಈಗ ಸಾಗಿಸುವುದು ಮನುಷ್ಯರ ಶ್ರಮವನ್ನು. ನಸುಕಿನಲ್ಲಿ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದ ಸಾವಿರಾರು ಮಂದಿ ಬಂಗಾರಪೇಟೆಯನ್ನು ಹಾದು, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರನ್ನು ಸೇರಿ, ಉಡುಪು ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳ ನೆಲವೊರೆಸುವ ಕೆಲಸದಲ್ಲಿ, ಕಾವಲು ಕಾಯುವ ಕೆಲಸದಲ್ಲಿ, ಕಂಪ್ಯೂಟರ್ ಕಚೇರಿಗಳಲ್ಲಿ ದಿನವನ್ನು ಕಳೆದು ರಾತ್ರಿಗೆ ಹಿಂದಿರುಗುತ್ತಾರೆ. ಮಾಲೂರು, ನರಸಾಪುರಗಳ ಹೊಸ ಕೈಗಾರಿಕಾ ವಲಯಗಳಿಗೆ ಬಸ್ಸು ಹತ್ತುವವರು ಬೇರೆ. ಬೆಂಗಳೂರಿನಲ್ಲಿಯೇ ವಾಸಿಸುವವನು ಮಧ್ಯಾಹ್ನ ಒಂದು ಗಂಟೆಯ ಅನುಮತಿ ಪಡೆದು ಆಸ್ಪತ್ರೆಗೆ ಹೋಗಿಬಂದಾನು. ಬೆಳಗಿನ ಗಾಡಿಯನ್ನು ಹತ್ತಿದ ಗಣಿನಾಡಿನವನಿಗೆ ಅರ್ಧ ದಿನದ ರಜೆಯೆಂಬುದೇ ಇಲ್ಲ. ಹೋದರೆ ಇಡೀ ದಿನ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಊರಿಗಾಮಿನ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ತಂದೆ ಇಪ್ಪತ್ತು ವರ್ಷ ಯಂತ್ರದಿಂದ ಕಲ್ಲು ಕೊರೆದವನು. ಒಂದು ರಾತ್ರಿ ಉಸಿರು ಹತ್ತಿಕೊಂಡು ಕೋಲಾರದ ಜಿಲ್ಲಾ ಆಸ್ಪತ್ರೆಗೆ ಸೇರಿದ್ದಾನೆ. ಮಗನು ವೈಟ್‌ಫೀಲ್ಡಿನಲ್ಲಿ ಗುತ್ತಿಗೆಯ ಕೆಲಸಗಾರ. ಹತ್ತು ದಿನ ಆಸ್ಪತ್ರೆಯಲ್ಲಿ ನಿಲ್ಲಬೇಕು. ಅವನಿಗೆ ಕಾನೂನು ಏನನ್ನು ಕೊಡುತ್ತದೆ?

ನ್ಯಾಯವಾಗಿ ಹೇಳುವುದಾದರೆ, ಅವನದೇ ಮೈಗೆ ಏನಾದರೂ ಆಗಿದ್ದರೆ ಕಾನೂನು ಕೊಡುವುದು ಅಲ್ಪವಲ್ಲ. ಗಳಿಕೆಯ ರಜೆಯ ವಿಷಯದಲ್ಲಿ ೧೯೫೨ರ ಗಣಿ ಕಾಯಿದೆಯು ನೆಲದಡಿಯ ಕೆಲಸದ ಕಷ್ಟವನ್ನು ಮನಗಂಡು, ತಿದ್ದುಪಡಿಯಾದ ಮೇಲೆ ಅಲ್ಲಿ ದುಡಿಯುವವನಿಗೆ ಹದಿನೈದು ದಿನದ ದುಡಿಮೆಗೆ ಒಂದು ದಿನ, ಮೇಲೆ ದುಡಿಯುವವನಿಗೆ ಇಪ್ಪತ್ತು ದಿನಕ್ಕೊಂದು ದಿನ ಸವೇತನ ರಜೆಯನ್ನು ವಿಧಿಸಿತ್ತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಲೆಕ್ಕವನ್ನು ಉಳಿಸಿಕೊಂಡು, ರಜೆಯ ಅರ್ಹತೆಗೆ ಕಾರ್ಖಾನೆಗಳಲ್ಲಿ ಹಿಂದೆ ಬೇಕಾಗಿದ್ದ ೨೪೦ ದಿನದ ದುಡಿಮೆಯನ್ನು ೧೮೦ ದಿನಕ್ಕೆ ಇಳಿಸಿವೆ. ಇದು ಸ್ವಾಗತಾರ್ಹವೇ ಸರಿ. ತಾಯಿಯಾಗುವವಳಿಗೆ ೨೦೧೭ರ ತಿದ್ದುಪಡಿಯಿಂದ ೨೬ ವಾರಗಳ ಸವೇತನ ರಜೆಯುಂಟು. ಗರ್ಭಪಾತವಾದರೆ ಆರು ವಾರಗಳುಂಟು. ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದವನು ಸ್ವತಃ ಕಾಯಿಲೆ ಬಿದ್ದರೆ ವರ್ಷದಲ್ಲಿ ೯೧ ದಿನಗಳವರೆಗೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ಹಣವು ದೊರೆಯುತ್ತದೆ. ಕ್ಷಯದಂಥ ದೀರ್ಘರೋಗಗಳಲ್ಲಿ ಈ ಅವಧಿಯು ಬೆಳೆಯುತ್ತದೆ. ಈ ಭತ್ಯವನ್ನು ಪಡೆಯುತ್ತಿರುವಾಗ ಅವನನ್ನು ವಜಾ ಮಾಡಕೂಡದೆಂದು ೧೯೪೮ರ ಕಾಯಿದೆಯ ೭೩ನೆಯ ಪ್ರಕರಣವು ಸ್ಪಷ್ಟವಾಗಿ ನಿಷೇಧಿಸಿತ್ತು. ಇವೆಲ್ಲ ದಾನವಾಗಿ ಬಂದುವಲ್ಲ, ಮೂರು ತಲೆಮಾರುಗಳ ಹೋರಾಟದಿಂದ ಬಂದುವು.

ಆದರೆ ಈಗ ಕಾಯಿಲೆ ಬಿದ್ದಿರುವವನು ಮಗನಲ್ಲ, ತಂದೆ. ಇಲ್ಲಿಗೆ ಬಂದೊಡನೆಯೇ ಕಾನೂನಿನ ಕೈ ಹಿಂದಕ್ಕೆ ಸರಿಯುತ್ತದೆ. ಇದರಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಅದೇ ರಾಜ್ಯ ವಿಮಾ ಯೋಜನೆಯು ನೌಕರನನ್ನು ಅವಲಂಬಿಸಿರುವ ತಂದೆತಾಯಿಗಳನ್ನು ಅವನ ಸಂಸಾರವೆಂದು ಒಪ್ಪಿಕೊಂಡು ಅವರಿಗೆ ಔಷಧೋಪಚಾರವನ್ನು ಕೊಡುತ್ತದೆ. ಹಾಸಿಗೆಯನ್ನು ಕೊಡುತ್ತದೆ, ಮದ್ದನ್ನು ಕೊಡುತ್ತದೆ, ಶಸ್ತ್ರಚಿಕಿತ್ಸೆಯನ್ನೂ ಮಾಡಿಸುತ್ತದೆ. ಆದರೆ ಆ ಹಾಸಿಗೆಯ ಪಕ್ಕದಲ್ಲಿ ಕುಳಿತು ನೀರು ಕುಡಿಸಬೇಕಾದ ಮಗನಿಗೆ ಒಂದು ದಿನದ ಬಿಡುವನ್ನು ಕೊಡುವುದಿಲ್ಲ. ನಮ್ಮ ಆಸ್ಪತ್ರೆಗಳ ಸ್ಥಿತಿಯನ್ನು ಬಲ್ಲ ಯಾರಿಗಾದರೂ ತಿಳಿದಿರುವಂತೆ, ರೋಗಿಯ ಜೊತೆಗೆ ಒಬ್ಬರು ಇಲ್ಲದಿದ್ದರೆ ಚೀಟಿಯನ್ನು ಹಿಡಿದು ಔಷಧದ ಅಂಗಡಿಗೆ ಓಡುವವರಿಲ್ಲ, ರಕ್ತಪರೀಕ್ಷೆಯ ಸಾಲಿನಲ್ಲಿ ನಿಲ್ಲುವವರಿಲ್ಲ, ಶೌಚಕ್ಕೆ ಎಬ್ಬಿಸಿ ನಡೆಸುವವರಿಲ್ಲ. ‘ಜೊತೆಯವರು ಯಾರು?’ ಎಂಬುದೇ ದಾದಿಯ ಮೊದಲನೆಯ ಪ್ರಶ್ನೆ.

ಇನ್ನು ಸಂಬಳವಿಲ್ಲದ ರಜೆಯ ಮಾತು. ಇಂಥ ರಜೆಯನ್ನು ಯಾರು ಬೇಡವೆಂದಾರು ಎಂದು ಸಜ್ಜನರು ಕೇಳಬಹುದು. ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆಯನ್ನು ಅನುಸರಿಸಿ ಬಂದ ಕೇಂದ್ರದ ಮಾದರಿ ಆದೇಶಗಳಲ್ಲಿ, ನೌಕರನಿಗೆ ವರ್ಷಕ್ಕೆ ಹತ್ತು ದಿನಗಳಿಗೆ ಮೀರದ ಸಾಂದರ್ಭಿಕ ರಜೆಯನ್ನು ಸಂಬಳ ಸಹಿತವಾಗಿಯೋ ರಹಿತವಾಗಿಯೋ ಕೊಡಬಹುದೆಂದು ಇತ್ತು. ‘ಬಹುದು’ ಎಂಬ ಆ ಪದವು ಮತ್ತೆ ಇಲ್ಲಿಯೂ ಬಂತು! ಅದೇ ಆದೇಶಗಳ ಇನ್ನೊಂದು ಕಡೆ, ಮಂಜೂರಾದ ರಜೆಯು ಮುಗಿದ ಎಂಟು ದಿನಗಳೊಳಗೆ ಹಿಂದಿರುಗಿ ಮಾಲಿಕನಿಗೆ ಸಮಾಧಾನವಾಗುವಂತೆ ಕಾರಣವನ್ನು ಹೇಳದವನು ತನ್ನ ಹುದ್ದೆಯ ಹಕ್ಕನ್ನು ಕಳೆದುಕೊಳ್ಳುತ್ತಾನೆಂದು ಇತ್ತು. ಕೊಡುವ ಕಡೆ ‘ಬಹುದು’, ಕಸಿದುಕೊಳ್ಳುವ ಕಡೆ ನಿಶ್ಚಯ. ರೋಗಕ್ಕೆ ಕ್ಯಾಲೆಂಡರು ತಿಳಿಯದು. ಎಂಟು ದಿನದ ಒಳಗೆ ಗುಣವಾಗಬೇಕೆಂದು ತಂದೆಗೆ ಆಜ್ಞೆ ಮಾಡುವವರು ಯಾರು?

ಈ ಎಂಟು ದಿನದ ಕತ್ತಿಯನ್ನು ಸರ್ವೋಚ್ಚ ನ್ಯಾಯಾಲಯವು ಸ್ವಲ್ಪ ಮೊಂಡು ಮಾಡಿದೆಯೆಂಬುದನ್ನು ನೌಕರರು ತಿಳಿದಿರಬೇಕು. ಡಿ. ಕೆ. ಯಾದವ್ ಎಂಬ ಕೆಲಸಗಾರನ ಮೊಕದ್ದಮೆಯಲ್ಲಿ, ೧೯೯೩ರಲ್ಲಿ, ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದನೆಂಬ ಕಾರಣದಿಂದ ವಿಚಾರಣೆಯೇ ಇಲ್ಲದೆ ಹೆಸರನ್ನು ಹೊಡೆದುಹಾಕಿದುದು ಸಹಜ ನ್ಯಾಯಕ್ಕೆ ವಿರೋಧವೆಂದು ತೀರ್ಮಾನಿಸಿ, ಅವನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡು ಹಿಂದಿನ ಕೂಲಿಯಲ್ಲಿ ಅರ್ಧವನ್ನು ಕೊಡಬೇಕೆಂದು ನ್ಯಾಯಾಧೀಶರು ಆಜ್ಞಾಪಿಸಿದರು. ಜೀವನೋಪಾಯವು ಜೀವದ ಹಕ್ಕಿನೊಳಗೇ ಸೇರಿದೆಯೆಂಬ ತತ್ತ್ವವನ್ನು ಅಲ್ಲಿ ಎತ್ತಿ ಹಿಡಿದರು. ಬಹಳ ಒಳ್ಳೆಯದು. ಆದರೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುವ ಶಕ್ತಿ ಎಷ್ಟು ಮಂದಿಗೆ ಉಂಟು? ತಂದೆಯ ಔಷಧಕ್ಕೇ ಸಾಲ ಮಾಡಿದವನು ವಕೀಲರ ಫೀಜಿಗೆ ಎಲ್ಲಿಗೆ ಹೋದಾನು? ಜೊತೆಗೆ, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯು ಸ್ಥಾಯೀ ಆದೇಶಗಳ ಕಟ್ಟುಪಾಡನ್ನು ಮುನ್ನೂರು ಮಂದಿ ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಸೀಮಿತಗೊಳಿಸಿದೆ. ಹಿಂದಿನ ಕೇಂದ್ರ ಕಾಯಿದೆಯಲ್ಲಿ ಈ ಸಂಖ್ಯೆಯು ನೂರಾಗಿತ್ತು. ಇದರಿಂದ ಇನ್ನೂರು ಇನ್ನೂರೈವತ್ತು ಮಂದಿಯ ಕಾರ್ಖಾನೆಗಳಲ್ಲಿ ‘ಬಹುದು’ ಎಂದು ಬರೆದ ಕಾಗದವನ್ನು ಗೋಡೆಗೆ ಅಂಟಿಸಬೇಕಾದ ಬಂಧನವೂ ಈ ಸಂಹಿತೆಯಲ್ಲಿ ಉಳಿದಿಲ್ಲ.

ಇದಕ್ಕೂ ಮಿಗಿಲಾದ ತೊಡಕು ಗುತ್ತಿಗೆಯದು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬುದು ನಮ್ಮ ಜನರ ಗಾದೆ. ಇಲ್ಲಿ ದೇವರು ಯಾರು, ಪೂಜಾರಿ ಯಾರೆಂಬುದೇ ತಿಳಿಯುವುದಿಲ್ಲ. ಕೆಲಸ ಮಾಡಿಸಿಕೊಳ್ಳುವವನು ಒಬ್ಬ, ಹಾಜರಿ ಬರೆದುಕೊಳ್ಳುವವನು ಇನ್ನೊಬ್ಬ, ಕೂಲಿ ಹಾಕುವವನು ಮತ್ತೊಬ್ಬ. ರಜೆಯ ಚೀಟಿಯನ್ನು ಯಾರ ಕೈಗೆ ಕೊಡಬೇಕು? ೨೦೨೦ರ ಡಿಸೆಂಬರ್ ೧೨ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದೊಂಬಿಯನ್ನು ಜಿಲ್ಲೆಯವರು ಮರೆತಿರಲಾರರು. ಗಾಜು ಒಡೆದುದನ್ನು ನಾವು ಅಂದಿಗೂ ಇಂದಿಗೂ ಸಮರ್ಥಿಸುವವರಲ್ಲ. ಆದರೆ ಕೆಲವು ಕೆಲಸಗಾರರಿಗೆ ಕೂಲಿಯು ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತೆಂಬುದನ್ನೂ ಮರೆಯಕೂಡದು. ದುಡಿದ ದಿನದ ಕೂಲಿಯೇ ಮಧ್ಯವರ್ತಿಗಳ ನಡುವೆ ಕಳೆದುಹೋಗುವ ಏರ್ಪಾಡಿನಲ್ಲಿ ದುಡಿಯದ ದಿನದ ಹಕ್ಕನ್ನು ಹುಡುಕುವುದು ಸಾಹಸವೇ ಸರಿ.

೧೯೩೦ರಲ್ಲಿ ಇದೇ ಗಣಿಗಳ ಸಾವಿರಾರು ಕೂಲಿಕಾರರು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಬೆರಳಚ್ಚು ತೆಗೆದು ತಮ್ಮ ಹೆಸರುಗಳನ್ನು ಕಂಪನಿಯ ಪುಸ್ತಕದಲ್ಲಿ ದಾಖಲು ಮಾಡುವ ಏರ್ಪಾಡು ಅವರಿಗೆ ಸಲ್ಲಲಿಲ್ಲ. ಕಳ್ಳರಿಗೆ ಮಾಡುವಂಥ ಅವಮಾನವನ್ನು ತಮಗೆ ಮಾಡುತ್ತಿದ್ದಾರೆಂಬುದು ಅವರ ಕೋಪ. ಅವರ ಮೊಮ್ಮಕ್ಕಳು ಇಂದು ದಿನಕ್ಕೆ ಎರಡು ಸಲ ಯಂತ್ರಕ್ಕೆ ಬೆರಳು ಒತ್ತುತ್ತಾರೆ. ಆ ಯಂತ್ರವು ತಮ್ಮನ್ನು ಗುರುತಿಸದೆ ಹೋದೀತೆಂಬುದೇ ಈಗಿನ ಭಯ. ಅಂದು ಪುಸ್ತಕದಲ್ಲಿ ಹೆಸರು ಸೇರುವುದನ್ನು ಕಂಡು ಅಂಜಿದರು, ಇಂದು ಹೆಸರು ಹೋಗುವುದನ್ನು ಕಂಡು ಅಂಜುತ್ತಾರೆ. ಕಾಲದ ಮಹಿಮೆ!

ಇನ್ನೊಂದು ಕಾಯಿದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸರ್ಕಾರದವರಿಗೇ ನಾಚಿಕೆಯಾಗಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಪಾರ್ಲಿಮೆಂಟು ೨೦೦೭ರಲ್ಲಿ ಮಾಡಿತು. ಅದರಂತೆ ತಂದೆತಾಯಿಗಳನ್ನು ಪೋಷಿಸುವುದು ಮಕ್ಕಳ ಕಾನೂನುಬದ್ಧ ಕರ್ತವ್ಯ. ಆ ಕಾಯಿದೆಯು ಹೇಳುವ ಪೋಷಣೆಯಲ್ಲಿ ಅನ್ನವಸ್ತ್ರಗಳೊಡನೆ ವೈದ್ಯಕೀಯ ಶುಶ್ರೂಷೆಯೂ ಸೇರಿದೆ. ತಮ್ಮ ರಕ್ಷಣೆಯಲ್ಲಿರುವ ಹಿರಿಯರನ್ನು ಕೈಬಿಟ್ಟವರಿಗೆ ಮೂರು ತಿಂಗಳವರೆಗೆ ಸೆರೆಮನೆಯನ್ನೋ ಐದು ಸಾವಿರ ರೂಪಾಯಿವರೆಗೆ ಜುಲ್ಮಾನೆಯನ್ನೋ ವಿಧಿಸಬಹುದು. ಶ್ರವಣಕುಮಾರನ ಕಥೆಯನ್ನು ಕೇಳಿ ಬೆಳೆದ ನಮ್ಮ ನಾಡಿನಲ್ಲಿ ಇಂಥದೊಂದು ಕಾಯಿದೆ ಬೇಕಾಯಿತೆಂಬುದೇ ವ್ಯಸನಕರ, ಅದು ಹಾಗಿರಲಿ. ತಂದೆಯನ್ನು ನೋಡಿಕೊಳ್ಳದಿದ್ದರೆ ಶಿಕ್ಷಿಸುತ್ತೇನೆ ಎಂದು ಒಂದು ಕಾಯಿದೆಯು ಮಗನಿಗೆ ಹೇಳುತ್ತದೆ. ನೋಡಿಕೊಳ್ಳುವುದಕ್ಕೆ ನಾಲ್ಕು ದಿನ ನಿಂತರೆ ನಿನ್ನ ಕೆಲಸಕ್ಕೆ ನಾನು ಹೊಣೆಯಲ್ಲ ಎಂದು ಇನ್ನೊಂದು ಹೇಳುತ್ತದೆ. ಒಂದೇ ಸರ್ಕಾರದ ಎರಡು ನಾಲಗೆಗಳಿವು. ಸಂವಿಧಾನದ ೪೨ನೆಯ ಅನುಚ್ಛೇದವು ನ್ಯಾಯವೂ ಮಾನವೀಯವೂ ಆದ ಕೆಲಸದ ಪರಿಸ್ಥಿತಿಯನ್ನು ಒದಗಿಸಬೇಕೆಂದು ಸರ್ಕಾರಕ್ಕೆ ನಿರ್ದೇಶಿಸಿದೆ. ಕಾಯಿಲೆಯ ತಂದೆಯನ್ನು ಬಿಟ್ಟು ಗಾಡಿ ಹತ್ತಲೇಬೇಕೆಂಬ ಪರಿಸ್ಥಿತಿಯನ್ನು ಯಾವ ನಿಘಂಟಿನಲ್ಲಿ ಮಾನವೀಯವೆಂದು ಕರೆದಿದ್ದಾರೆ?

ನಮ್ಮ ವಾಚಕರಲ್ಲಿ ಸರ್ಕಾರಿ ಅಧಿಕಾರಿಗಳು ಅನೇಕರಿದ್ದಾರೆ. ಅವರಿಗೆ ಈ ವಿಷಯದಲ್ಲಿ ವಿವರಣೆಯೇ ಬೇಡ. ತಮ್ಮ ಸೇವಾ ನಿಯಮಗಳ ಪುಸ್ತಕವನ್ನು ತೆರೆದು ನೋಡಿದರೆ ಸಾಕು. ಗಳಿಕೆಯ ರಜೆ, ಅರ್ಧ ವೇತನದ ರಜೆಗಳೆಲ್ಲ ಮುಗಿದ ಮೇಲೂ ಅವರಿಗೆ ಅಸಾಧಾರಣ ರಜೆಯೆಂಬುದೊಂದು ಉಂಟು. ಅದರಲ್ಲಿ ಸಂಬಳವಿಲ್ಲ, ಆದರೆ ಹುದ್ದೆಯು ಉಳಿಯುತ್ತದೆ. ಕೇಂದ್ರ ಸರ್ಕಾರವು ೨೦೦೮ರಿಂದ ತನ್ನ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ ೭೩೦ ದಿನಗಳ ಶಿಶುಪಾಲನಾ ರಜೆಯನ್ನು ಕೊಟ್ಟಿದೆ. ಕರ್ನಾಟಕ ಸರ್ಕಾರವೂ ೨೦೨೧ರಲ್ಲಿ ಆರು ತಿಂಗಳವರೆಗಿನ ಅಂಥ ರಜೆಯನ್ನು ಒಪ್ಪಿತು. ಇದರಲ್ಲಿ ನಮಗೆ ಕಿಂಚಿತ್ತೂ ಅಸೂಯೆಯಿಲ್ಲ. ತಹಶೀಲ್ದಾರರ ತಾಯಿಯೂ ತಾಯಿ, ಅದೇ ತಾಲ್ಲೂಕು ಕಚೇರಿಯನ್ನು ಗುಡಿಸುವ ಗುತ್ತಿಗೆಯವಳ ತಾಯಿಯೂ ತಾಯಿ ಎಂಬುದಷ್ಟೇ ನಮ್ಮ ವಾದ. ಟೇಲರ್ ಕಂಪನಿಯ ಕಾಲದ ದೊರೆಗಳಿಗೆ ಸ್ವದೇಶಕ್ಕೆ ಹೋಗಿಬರುವ ದೀರ್ಘ ರಜೆಯಿತ್ತು, ಉತ್ತರ ಆರ್ಕಾಟು ಚಿತ್ತೂರುಗಳಿಂದ ಬಂದ ಕೂಲಿಗೆ ಊರಿನ ಸಾವಿಗೆ ಹೋಗುವುದೂ ಮೇಸ್ತ್ರಿಯ ಮರ್ಜಿಯಾಗಿತ್ತು. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದರೂ ಈ ಎರಡು ಪಂಕ್ತಿಗಳ ಊಟವು ನಿಲ್ಲದಿರುವುದು ಶೋಭೆಯಲ್ಲ.

ಹೊರದೇಶಗಳನ್ನು ನೋಡಿದರೆ, ಲಾಭಕ್ಕೆ ಹೆಸರಾದ ಅಮೆರಿಕವೇ ೧೯೯೩ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಒಂದು ವರ್ಷ ಸೇವೆ ಸಲ್ಲಿಸಿ ೧,೨೫೦ ಗಂಟೆ ದುಡಿದವನು, ತನ್ನ ಅಥವಾ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳ ತೀವ್ರ ಕಾಯಿಲೆಗಾಗಿ ವರ್ಷಕ್ಕೆ ಹನ್ನೆರಡು ವಾರ ಸಂಬಳವಿಲ್ಲದ ರಜೆಯನ್ನು ಹಕ್ಕಾಗಿ ಪಡೆಯುತ್ತಾನೆ. ಹಿಂದಿರುಗಿದಾಗ ಅದೇ ಅಥವಾ ಸಮಾನವಾದ ಹುದ್ದೆಯನ್ನು ಕೊಡತಕ್ಕದ್ದು. (ಅತ್ತೆಮಾವಂದಿರನ್ನು ಆ ಪಟ್ಟಿಯಿಂದ ಬಿಟ್ಟಿದ್ದಾರೆ. ನಮ್ಮಲ್ಲಿ ಅಂಥ ಕಾಯಿದೆಯಾದರೆ ಅವರನ್ನು ಮೊದಲು ಸೇರಿಸಬೇಕು. ಮುದುಕರ ಸೇವೆಯಲ್ಲಿ ಸವೆಯುವವಳು ಬಹುಪಾಲು ಸೊಸೆಯೇ ಅಲ್ಲವೆ?) ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೬ರಿಂದ ಆರೈಕೆ ಮಾಡುವವರಿಗೆ ವರ್ಷಕ್ಕೊಂದು ವಾರ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ, ಇಂಥ ಹಕ್ಕು ಬಂದಿದೆ. ಇದರಿಂದ ಅಲ್ಲಿನ ಕಾರ್ಖಾನೆಗಳು ಮುಳುಗಿಹೋದುವೆಂಬ ಸುದ್ದಿಯನ್ನು ನಾವು ಕೇಳಿಲ್ಲ.

ಮಾಲಿಕರ ಆಕ್ಷೇಪಣೆಯು ಬಂದೇ ಬರುವುದು: ಎಲ್ಲರೂ ಸುಳ್ಳು ಕಾಯಿಲೆಗಳನ್ನು ಹೇಳಿಕೊಂಡು ಮನೆಯಲ್ಲಿ ಕುಳಿತರೆ ಯಂತ್ರ ನಡೆಸುವವರಾರು? ನಮ್ಮ ಉತ್ತರವಿದು. ಸಂಬಳವಿಲ್ಲದ ದಿನವನ್ನು ಮೋಜಿಗಾಗಿ ತೆಗೆದುಕೊಳ್ಳುವಷ್ಟು ಐಶ್ವರ್ಯವು ಗಣಿನಾಡಿನ ಯಾವ ಮನೆಯಲ್ಲಿಯೂ ಇಲ್ಲ. ವೈದ್ಯರ ಪ್ರಮಾಣಪತ್ರವನ್ನು ಕೇಳಲಿ, ದಿನಗಳಿಗೆ ಮಿತಿಯನ್ನು ಹಾಕಲಿ, ನಾಲ್ಕಾರು ಆಳುಗಳ ಸಣ್ಣ ಅಂಗಡಿಗೆ ವಿನಾಯಿತಿ ಕೊಡಲಿ. ಇದಕ್ಕೆಲ್ಲ ನಮ್ಮ ಒಪ್ಪಿಗೆಯುಂಟು. ಈಗ ಆಗುತ್ತಿರುವುದೇನು? ರಜೆ ಸಿಗದವನು ಹೇಳದೆ ಕೇಳದೆ ನಿಂತುಬಿಡುತ್ತಾನೆ, ಅಲ್ಲಿಗೆ ಅವನ ಕೆಲಸವು ಹೋಗುತ್ತದೆ, ಮಾಲಿಕನು ಹೊಸಬನನ್ನು ಹುಡುಕಿ ಮೊದಲಿನಿಂದ ಕಲಿಸಬೇಕಾಗುತ್ತದೆ. ಇದರಲ್ಲಿ ಯಾರಿಗೆ ಲಾಭ?

ಎರಡನೆಯ ಆಕ್ಷೇಪಣೆಯು ಕಾರ್ಮಿಕ ಮುಖಂಡರಿಂದ ಬರುವಂಥದು. ಅದನ್ನು ನಾವು ಇದಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇವೆ. ಸಂಬಳವಿಲ್ಲದ ರಜೆಯನ್ನು ಬಡವನು ನೆಕ್ಕಬೇಕೆ? ಹತ್ತು ದಿನದ ಕೂಲಿ ಹೋದರೆ ತಿಂಗಳ ಬಾಡಿಗೆ ನಿಲ್ಲುತ್ತದೆ; ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ ಎಂದು ಅವರು ಹೇಳುತ್ತಾರೆ. ಇದು ನಿಜ. ಅಮೆರಿಕದ ಕಾಯಿದೆಯ ಮೇಲೆ ಅಲ್ಲಿನವರೇ ಹೇರಿರುವ ದೂರೂ ಇದೇ. ಆದರೂ ಹತ್ತು ದಿನದ ಕೂಲಿಯನ್ನು ಕಳೆದುಕೊಳ್ಳುವುದಕ್ಕೂ ಕೆಲಸವನ್ನೇ ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಬಡವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊದಲನೆಯದು ಸಾಲ, ಎರಡನೆಯದು ದಿವಾಳಿ. ಹುದ್ದೆಯ ಭದ್ರತೆಯನ್ನು ಮೊದಲು ಪಡೆಯೋಣ. ಹಣವನ್ನು ರಾಜ್ಯ ವಿಮಾ ನಿಧಿಯಿಂದ ಕೇಳೋಣ. ಆ ನಿಧಿಗೆ ೨೦೧೯ರ ಜುಲೈ ತಿಂಗಳಿನಿಂದ ಕೂಲಿಯ ನೂರಕ್ಕೆ ಮೂರೂಕಾಲು ಪಾಲನ್ನು ಮಾಲಿಕನೂ ಮುಕ್ಕಾಲು ಪಾಲನ್ನು ನೌಕರನೂ ಕಟ್ಟುತ್ತ ಬಂದಿದ್ದಾರೆ. ತನ್ನ ಕಾಯಿಲೆಗೆ ಅದು ಕೊಡುವ ತೊಂಬತ್ತೊಂದು ದಿನಗಳಲ್ಲಿ ಹದಿನಾಲ್ಕು ದಿನವನ್ನಾದರೂ ಮನೆಯವರ ಆಸ್ಪತ್ರೆವಾಸಕ್ಕೆ ಉಪಯೋಗಿಸಿಕೊಳ್ಳುವುದಕ್ಕೆ ಬಿಟ್ಟರ ಯಾರ ಬೊಕ್ಕಸವೂ ಬರಿದಾಗಲಾರದು.

ಇದೆಲ್ಲ ದೆಹಲಿಯ ವಿಷಯ, ಬೆಂಗಳೂರಿನವರು ಏನು ಮಾಡಬಲ್ಲರು ಎಂದು ನಮ್ಮ ಸಚಿವರು ಹೇಳಲಾಗದು. ಕಾರ್ಮಿಕ ವಿಷಯವು ಸಮವರ್ತಿ ಪಟ್ಟಿಯಲ್ಲಿದೆ. ತಿಂಗಳಿಗೊಂದು ದಿನ ಸವೇತನ ಋತುಸ್ರಾವದ ರಜೆಯನ್ನು ಖಾಸಗಿ ಸಂಸ್ಥೆಗಳ ಹೆಂಗಸರಿಗೂ ಕೊಡಬೇಕೆಂದು ೨೦೨೫ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟವೇ ನಿರ್ಧರಿಸಿತು. ಮನಸ್ಸಿದ್ದರೆ ಮಾರ್ಗವುಂಟೆಂಬುದನ್ನು ತಾನೇ ತೋರಿಸಿಕೊಟ್ಟಿತು. ನಮ್ಮದೇ ರಾಜ್ಯದ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ೧೫ನೆಯ ಪ್ರಕರಣದಲ್ಲಿ, ಗಳಿಕೆಯ ರಜೆಯಲ್ಲದೆ ವರ್ಷಕ್ಕೆ ಹನ್ನೆರಡು ದಿನಗಳವರೆಗೆ ಕಾಯಿಲೆ, ಅಪಘಾತ ‘ಅಥವಾ ಇತರ ಯುಕ್ತವಾದ ಕಾರಣ’ಕ್ಕಾಗಿ ಸವೇತನ ರಜೆಗೆ ಹಕ್ಕುಂಟು. ಇತರ ಯುಕ್ತವಾದ ಕಾರಣ! ತಂದೆಯ ಉಸಿರಾಟದ ಸಂಕಟಕ್ಕಿಂತ ಯುಕ್ತವಾದ ಕಾರಣವು ಯಾವುದು? ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿಯ ಗುಮಾಸ್ತನಿಂದ ಹಿಡಿದು ಬೆಂಗಳೂರಿನ ಕಚೇರಿಯ ಸಹಾಯಕನವರೆಗೆ ಇದು ಅನ್ವಯಿಸುತ್ತದೆ. ಕೇಳಿದವರು ಮಾತ್ರ ವಿರಳ, ಏಕೆಂದರೆ ತಿಳಿದವರು ವಿರಳ. ಕಾಯಿದೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕಪಾಟಿನಲ್ಲಿಟ್ಟು, ತಮಿಳನ್ನೂ ತೆಲುಗನ್ನೂ ಕನ್ನಡವನ್ನೂ ಆಡುವ ಜನರಿಗೆ ‘ಕಾನೂನಿನ ಅಜ್ಞಾನವು ನೆಪವಲ್ಲ’ ಎಂದು ಬೋಧಿಸುವುದು ನಮ್ಮ ಆಡಳಿತದ ಹಳೆಯ ವಿನೋದ.

ನಾವು ಕೇಳುವುದಿಷ್ಟು. ೧೫ನೆಯ ಪ್ರಕರಣಕ್ಕೆ ಒಂದು ವಿವರಣೆಯನ್ನು ಸೇರಿಸಿ, ತಂದೆ, ತಾಯಿ, ಅತ್ತೆ, ಮಾವ, ಗಂಡ, ಹೆಂಡತಿ, ಮಕ್ಕಳ ಆಸ್ಪತ್ರೆವಾಸವು ಯುಕ್ತವಾದ ಕಾರಣವೆಂದು ವಿಧಾನಮಂಡಲವು ಸ್ಪಷ್ಟಪಡಿಸಲಿ. ಅದರ ಮೇಲೆ ವರ್ಷಕ್ಕೆ ಮೂವತ್ತು ದಿನಗಳ ವೇತನರಹಿತ ರಜೆಯನ್ನು, ಹುದ್ದೆಯ ಭದ್ರತೆಯೊಡನೆ, ಕಾರ್ಖಾನೆಗಳಿಗೂ ಗುತ್ತಿಗೆಯವರಿಗೂ ಅನ್ವಯವಾಗುವಂತೆ ‘ಕೊಡತಕ್ಕದ್ದು’ ಎಂಬ ಪದದಿಂದ ಬರೆಯಲಿ. ಕೇಂದ್ರದ ಕಾನೂನಿಗೆ ತೊಡಕಾದೀತೆಂಬ ಸಂಶಯವಿದ್ದರೆ ರಾಷ್ಟ್ರಪತಿಗಳ ಅಂಗೀಕಾರವನ್ನು ಪಡೆಯುವ ದಾರಿಯನ್ನು ಸಂವಿಧಾನವೇ ತೋರಿಸಿದೆ. ಗುತ್ತಿಗೆದಾರನು ಚೀಟಿಯನ್ನು ತೆಗೆದುಕೊಳ್ಳದಿದ್ದರೆ ಕೆಲಸ ಮಾಡಿಸಿಕೊಳ್ಳುವ ಮೂಲ ಸಂಸ್ಥೆಯೇ ಹೊಣೆಯಾಗಬೇಕು. ಅಂಚೆಯಲ್ಲಿಯೋ ದೂರವಾಣಿಯ ಸಂದೇಶದಲ್ಲಿಯೋ ಕಳಿಸಿದ ಅರ್ಜಿಯೂ ಅರ್ಜಿಯೆಂದು ಎಣಿಸಲ್ಪಡಬೇಕು. ಕೋಲಾರದ ಆಸ್ಪತ್ರೆಯಿಂದ ವೈಟ್‌ಫೀಲ್ಡಿಗೆ ಹೋಗಿ ಸಹಿ ಹಾಕಿ ಬರುವುದರಲ್ಲಿ ಒಂದು ದಿನವೇ ಕಳೆಯುತ್ತದೆ.

ಇದನ್ನು ಆರಂಭಿಸುವುದಕ್ಕೆ ಗಣಿನಾಡಿನಲ್ಲಿಯೇ ಒಂದು ಸಂದರ್ಭವು ಒದಗಿದೆ. ಹದಿಮೂರು ಸೈನೈಡ್ ದಿಬ್ಬಗಳನ್ನು ಮತ್ತೆ ಅಗೆದು ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯದ ಸಚಿವ ಸಂಪುಟವು ೨೦೨೪ರ ಜೂನ್‌ನಲ್ಲಿ ಸಮ್ಮತಿಯನ್ನು ಕೊಟ್ಟಿತು. ಆ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಗುತ್ತಿಗೆಯವರೇ ಆಗುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಗೆಯುವಾಗ ಏಳುವುದು ಅದೇ ಹಳೆಯ ಧೂಳು. ಕರಾರನ್ನು ಬರೆಯುವ ಅಧಿಕಾರಿಗಳು ಎಷ್ಟು ಗ್ರಾಮು ಚಿನ್ನ, ಎಷ್ಟು ರಾಜಧನವೆಂಬ ಕಲಮುಗಳ ನಡುವೆ ಎದೆಯ ಪರೀಕ್ಷೆಯ ಕಲಮನ್ನೂ, ಮೇಲೆ ಹೇಳಿದ ರಜೆಯ ಕಲಮನ್ನೂ ಸೇರಿಸುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ಕೋಲಾರ, ಬಂಗಾರಪೇಟೆ, ಕೆ.ಜಿ.ಎಫ್. ಕ್ಷೇತ್ರಗಳ ಶಾಸಕರು ಆ ಕರಾರಿನ ಕರಡನ್ನು ತರಿಸಿಕೊಂಡು ಓದಿ, ಅದರಲ್ಲಿ ಈ ಎರಡು ಕಲಮುಗಳು ಇವೆಯೆ ಇಲ್ಲವೆ ಎಂಬುದನ್ನು ತಮ್ಮ ಮತದಾರರಿಗೆ ತಿಳಿಸಲಿ.